ಟಗರುಕೊಂಬು ಬೇಡವೆಂದ ಮದುಮಗಳು

ಏಪ್ರಿಲ್ ೧೪, ಭಾನುವಾರ ಸಂಜೆ

ನನ್ನ ಮುದ್ದು ಗುಬ್ಬಿಗೆ,

ನಿನಗೂ ಅಳಿಯಂದಿರಿಗೂ ನನ್ನ ರಾಶಿ ರಾಶಿ ಪ್ರೀತಿ, ಅದರ ಮೇಲೊಂದು ದೊಡ್ಡ ಸುದ್ದಿ: ನಾನು ಗೆದ್ದೆ! ಯಾರನ್ನು, ಯಾತರಲ್ಲಿ ಎಂದು ಈಗಲೇ ಹೇಳುವುದಿಲ್ಲ. ಕೊನೆಯ ಪುಟಕ್ಕೆ ಹಾರಬೇಡ, ಚಿಕ್ಕಂದಿನಿಂದಲೂ ನಿನ್ನದು ಅದೇ ಚಾಳಿ. ಕುರ್ಚಿಯಿಂದ ಏಳಲು ತೊಡೆಗಳು ಒಪ್ಪುತ್ತಿಲ್ಲ, ಮೂಗಿನ ತುದಿ ಬಿಸಿಲಿಗೆ ಸುಲಿದಿದೆ, ಆದರೂ ನಗು ಮಾತ್ರ ಮುಖ ಬಿಟ್ಟು ಇಳಿಯುತ್ತಿಲ್ಲ. ಇವರು ಆಗಲೇ ಎರಡು ಸಲ ಬಾಗಿಲಲ್ಲಿ ಇಣುಕಿ, "ಇನ್ನೂ ನಗ್ತಾನೇ ಇದ್ದೀಯಲ್ಲ, ದವಡೆ ನೋಯಲ್ವಾ?" ಎಂದು ಕೇಳಿ ಹೋದರು.

ಇವರು! ಅರವತ್ತೊಂದನೆಯ ವಯಸ್ಸಿನಲ್ಲಿ ಈ ಪದ ಬರೆದರೆ ಕಿವಿ ಕೆಂಪಾಗುತ್ತದೆ ಕಣೇ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳಿಗೆ ‘ಹಸ್ಬೆಂಡ್’ ಎನ್ನಲು ಯಾವ ನಾಚಿಕೆಯೂ ಇಲ್ಲ, ‘ಇವರು’ ಎನ್ನುವಾಗ ಮಾತ್ರ ಹದಿನೆಂಟರ ಹುಡುಗಿಯಾಗಿಬಿಡುತ್ತೇನೆ. ಮದುವೆಯಾಗಿ ಮೂರು ತಿಂಗಳಾಯಿತು, ಇನ್ನೂ ರೂಢಿಯಾಗಿಲ್ಲ. ರೂಢಿಯಾಗದಿರಲಿ!

ಮದುವೆಯ ಬೆಳಿಗ್ಗೆ ನೀನು ನನ್ನ ತಲೆ ಬಾಚುತ್ತಾ ಹೇಳಿದ್ದು ನೆನಪಿದೆಯೇ? "ಅಮ್ಮಾ, ಈ ಸಲ ಎಲ್ಲದಕ್ಕೂ ಹೂಂ ಹೂಂ ಅನ್ಬೇಡ. ಅಪ್ಪನ ಜೊತೆ ಹೂಂಗುಟ್ಟಿದ್ದು ಸಾಕು." ಅದಕ್ಕೆ ನಾನು ಹೂಂ ಎಂದೆ. ನೀನು ಹಣೆ ಚಚ್ಚಿಕೊಂಡೆ.

ಹಣೆ ಚಚ್ಚಿಕೊಂಡದ್ದು ಸರಿಯೇ ಇತ್ತು. ಮದುವೆಯಾದ ವಾರಕ್ಕೇ ಇವರು ನನಗೊಂದು ಸೈಕಲ್ ತಂದರು. ಕೆಂಪು ಬಣ್ಣ, ಗರಿಯಷ್ಟು ಹಗುರ. ಹ್ಯಾಂಡಲ್ ಮಾತ್ರ ರೇಸಿನವರದು, ಟಗರಿನ ಕೊಂಬಿನ ಹಾಗೆ ಮುಂದಕ್ಕೆ ಹೋಗಿ ಕೆಳಕ್ಕೆ ಸುರುಳಿಯಾಗುವ ಡ್ರಾಪ್ ಹ್ಯಾಂಡಲ್. ಇವರದ್ದೂ ಅಂಥದ್ದೇ. ಕೆಲಸದಲ್ಲಿದ್ದಷ್ಟು ಕಾಲ ಸೇತುವೆಗಳ ನಕ್ಷೆ ಬರೆದವರಿಗೆ ಬಾಗಿದ ಗೆರೆಯೆಂದರೆ ಪ್ರಾಣ. "ಹೆಂಗಿದೆ?" ಎಂದರು. ಆ ಮುಖ ನೋಡಿದ್ದರೆ ನೀನೂ ಅದನ್ನೇ ಹೇಳುತ್ತಿದ್ದೆ. "ತುಂಬಾ ಚೆನ್ನಾಗಿದೆ" ಎಂದೆ. ಫೋನಿನಲ್ಲಿ ನಿನಗೂ ಅದೇ ಹೇಳಿದೆ. ಅದರಲ್ಲಿ ಅರ್ಧವಷ್ಟೇ ನಿಜ.

ಉಳಿದರ್ಧ ಇದು: ಇಷ್ಟು ವರ್ಷ ಬೇರೆಯವರ ಬಾಯೊಳಗೆ ಬಗ್ಗಿ ನೋಡಿದ ಕುತ್ತಿಗೆ ನನ್ನದು. ರಸ್ತೆಯ ಮೇಲೂ ಬಗ್ಗು ಎಂದರೆ ಅದು ಮುಷ್ಕರ ಹೂಡಿತು. ಆಮೇಲೆ ಎಡಗೈಯ ಕೊನೆಯ ಎರಡು ಬೆರಳು ಜೋಮು ಹಿಡಿಯತೊಡಗಿದವು. ನಾನು ನಗುನಗುತ್ತಾ ಇವರ ಪಕ್ಕದಲ್ಲಿ ಪೆಡಲ್ ತುಳಿಯುತ್ತಲೇ ಇದ್ದೆ. ಒಂದು ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಬಾಯಿ ನೋಡುವ ಪುಟ್ಟ ಕನ್ನಡಿ ನನ್ನ ಎಡಗೈಯಿಂದ ಜಾರಿ ಪೇಷೆಂಟಿನ ನಾಲಿಗೆಯ ಮೇಲೆ ಬಿತ್ತು. ಆತ ಪಾಪ, "ಪರ್ವಾಗಿಲ್ಲ ಡಾಕ್ಟ್ರೇ, ನುಂಗಿಲ್ಲ" ಎಂದ. ನನ್ನ ಚಿಂತೆ ಬೇರೆಯೇ. ಕೈ ಹೋದರೆ ಹಲ್ಲಿನ ಡಾಕ್ಟರಿಗೆ ಉಳಿಯುವುದೇನು?

ಹೇಳಲೇಬೇಕಾಯಿತು. ಹೇಗೆ ಹೇಳಿದೆ ಗೊತ್ತೇ? ಇವರ ದವಡೆ ಹಲ್ಲಿಗೊಂದು ಕ್ಯಾಪ್ ಹಾಕಬೇಕಿತ್ತು. ಅಚ್ಚು ತೆಗೆಯಲು ಬಾಯಿ ತುಂಬ ಲೇಪ ಇಟ್ಟೆ. ಅದು ಗಟ್ಟಿಯಾಗುವ ತನಕ ಮನುಷ್ಯ ತುಟಿಪಿಟಕ್ಕೆನ್ನುವಂತಿಲ್ಲ. ಆಗ ಒಂದೇ ಉಸಿರಿಗೆ ಒದರಿಬಿಟ್ಟೆ, ಕುತ್ತಿಗೆ, ಬೆರಳು, ಕನ್ನಡಿ, ಎಲ್ಲ. "ನಂಗೆ ನೇರ ಹ್ಯಾಂಡಲ್ ಬೇಕು" ಎಂದೂ ಸೇರಿಸಿದೆ. ಇವರು ಕಣ್ಣರಳಿಸಿ "ಊಂ! ಊಂಊಂ!" ಎಂದರು. ಅಲುಗಾಡಿದರೆ ಅಚ್ಚು ಕೆಡುತ್ತದೆ ಎಂದು ಗದರಿದೆ. ಹೇಡಿ ಎನ್ನು, ಪರವಾಗಿಲ್ಲ.

ಬಾಯಿ ಖಾಲಿಯಾದ ಮೇಲೆ ಇವರ ಮೊದಲ ಮಾತು, "ಕೈ ಜೋಮು ಹಿಡಿದ್ರೂ ನಕ್ಕೊಂಡು ಓಡಿಸ್ತಿದ್ಯಾ? ನಾನೇನು ಹುಲಿನಾ, ಕರಡಿನಾ?" ನಿಜವಾಗಿ ನೊಂದಿದ್ದರು. ಸ್ವಲ್ಪ ಹೊತ್ತಿಗೆ ಸೈಕಲ್ಲಿನ ಅಭಿಮಾನ ತಲೆಯೆತ್ತಿತು. "ಆದ್ರೆ ನೇರ ಹ್ಯಾಂಡಲ್ ಅಂದ್ರೆ ತರಕಾರಿ ತರೋ ಸೈಕಲ್ ಕಣೇ. ಅದ್ರಲ್ಲಿ ಕೈ ಇಡೋಕೆ ಒಂದೇ ಜಾಗ. ಇದ್ರಲ್ಲಿ ಮೇಲೆ, ಬ್ರೇಕಿನ ಹತ್ರ, ಕೆಳಗೆ ಅಂತ ಮೂರು. ಒಂದು ಕಡೆ ನೋವಾದ್ರೆ ಇನ್ನೊಂದು. ನಾನು ಮೂರೂ ಹಿಡೀತೀನಿ." ಹೌದಾ ಎಂದೆ. "ಬೇಕಾದ್ರೆ ಪರೀಕ್ಷೆ ಮಾಡು" ಎಂದರು.

ಪರೀಕ್ಷೆ! ಯಾರ ಹತ್ತಿರ ಆಡಿದ ಮಾತದು! ಕಚ್ಚುವಾಗ ಯಾವ ಹಲ್ಲು ಎಲ್ಲಿ ತಗಲುತ್ತದೆ ಎಂದು ನೋಡಲು ನಮ್ಮಲ್ಲಿ ಗುಲಾಬಿ ಬಣ್ಣದ ಮೇಣದ ಹಾಳೆ ಇರುತ್ತದೆ. ಅದನ್ನು ಬೆಚ್ಚಗೆ ಮಾಡಿ ಇವರ ಹ್ಯಾಂಡಲಿನ ಉದ್ದಕ್ಕೂ ಸುತ್ತಿದೆ. ಇವರು ರಾಜಗಾಂಭೀರ್ಯದಿಂದ ಹೊರಟು ಕೆರೆ ಸುತ್ತಿ, ಬೇಕರಿಗೂ ಹೋಗಿ ಬ್ರೆಡ್ ತಂದರು. ಇಬ್ಬರೂ ಬಗ್ಗಿ ನೋಡಿದೆವು. ಮೇಲಿನ ನೇರ ಭಾಗದ ಮೇಣದಲ್ಲಿ ಹತ್ತೂ ಬೆರಳಿನ ಗುರುತು, ಹಳ್ಳ ಬಿದ್ದಿತ್ತು. ಬ್ರೇಕಿನ ಹತ್ತಿರ ಅಲ್ಲೊಂದು ಇಲ್ಲೊಂದು. ಕೆಳಗಿನ ಕೊಂಬು ಮಗುವಿನ ಕೆನ್ನೆಯ ಹಾಗೆ ನುಣ್ಣಗಿತ್ತು!

"ಬೇಕರಿಗೆ ಹೋಗೋಕೆ ಯಾರು ಬಗ್ತಾರೆ?" ಎಂದರು. ಹಾಗಾದರೆ ನಾಳೆ ದೂರ ಹೋಗಿ ಬನ್ನಿ ಎಂದೆ. ಮರುದಿನವೂ ಕೊಂಬು ನುಣ್ಣಗೇ ಇತ್ತು. ಪಾಪ, ಇವರು ಸುಳ್ಳು ಹೇಳಿರಲಿಲ್ಲ. ಮೂರೂ ಕಡೆ ಹಿಡಿಯುತ್ತೇನೆಂದೇ ನಂಬಿದ್ದರು. ಎಷ್ಟೋ ವರ್ಷದ ಹಿಂದೆ ಹಿಡಿಯುತ್ತಿದ್ದರೋ ಏನೋ. ನಾನು ನಗಲಿಲ್ಲ. (ಅಡುಗೆಮನೆಗೆ ಹೋಗಿ ನಕ್ಕೆ.)

ನನ್ನ ಕೆಂಪು ಸೈಕಲ್ಲಿಗೆ ನೇರ ಹ್ಯಾಂಡಲ್ ಬಂತು. ಬೆನ್ನು ನೆಟ್ಟಗಾಯಿತು, ಬ್ರೇಕು ಬೆರಳ ಬುಡದಲ್ಲೇ ಸಿಕ್ಕಿತು, ಎರಡೇ ವಾರದಲ್ಲಿ ಜೋಮು ಓಡಿಹೋಯಿತು. ಕತೆ ಮುಗಿಯಿತೆಂದುಕೊಂಡೆಯಾ? ಇವರ ಸೈಕಲ್ ಗುಂಪಿನ ಕ್ಯಾಪ್ಟನ್ ಇದ್ದಾರಲ್ಲ, ರೈಲು ಓಡಿಸಿ ನಿವೃತ್ತರಾದವರು. ಅವರಿಗೆ ಸವಾರರೆಲ್ಲ ಬೋಗಿಗಳು. ಗುಡ್ಡ ಹತ್ತಿ ಅಣೆಕಟ್ಟಿಗೆ ಹೋಗುವ ವರ್ಷದ ದೊಡ್ಡ ಸವಾರಿ ಇವತ್ತಿತ್ತು, ಗಂಡ ಹೆಂಡತಿಯಾಗಿ ನಮಗೆ ಮೊದಲನೆಯದು. ಹೋದ ವಾರವೇ ಕ್ಯಾಪ್ಟನ್ ನನ್ನ ಹ್ಯಾಂಡಲ್ ನೋಡಿ ಆಗದೆಂದು ತಲೆಯಾಡಿಸಿದ್ದರು. "ಅಗಲ ಹ್ಯಾಂಡಲ್ ಸಾಲಿನ ಮಧ್ಯೆ ಬಂದ್ರೆ ಪಕ್ಕದವ್ರಿಗೆ ಸಿಕ್ಕಿಹಾಕ್ಕೊಳ್ಳತ್ತೆ. ಡಾಕ್ಟ್ರಮ್ಮ ಗಾರ್ಡ್ ಡಬ್ಬಿ, ಕೊನೆಗೆ. ಇಲ್ಲಾ, ಒಂದು ದಿನದ ಮಟ್ಟಿಗೆ ಹಳೇದನ್ನೇ ಹಾಕಿಸ್ಕೊಳ್ಳಿ."

ಒಂದು ದಿನದ ಮಟ್ಟಿಗೆ! ಗುಬ್ಬೀ, ನಾಲಿಗೆಯ ತುದಿಗೆ ಬಂದಿತ್ತು ಆ ಹಾಳು ಹೂಂ. ಇವರ ಹಿಂದೆಯೇ ಚಕ್ರಕ್ಕೆ ಚಕ್ರ ಸೇರಿಸಿ ಹೋಗಬೇಕೆಂದು ಎಷ್ಟು ಕನಸು ಕಂಡಿದ್ದೆ! ಒಂದು ದಿನಕ್ಕೆ ಬೆರಳು ಉದುರುತ್ತದೆಯೇ? ನಿನ್ನ ಅಪ್ಪನ ಕಾಲದಲ್ಲೂ ಎಲ್ಲ ಹೂಂಗಳೂ ಒಂದೊಂದು ದಿನದ ಮಟ್ಟಿಗೇ ಇದ್ದವು. "ಇಲ್ಲ ಕ್ಯಾಪ್ಟನ್, ಇದೇ ಹ್ಯಾಂಡಲ್. ಕೊನೆಗೇ ಬರ್ತೀನಿ" ಎಂದೆ. ಹೇಳುವಾಗ ದನಿ ನಡುಗಲಿಲ್ಲ. ಇವರು ಮೀಸೆಯಲ್ಲೇ ಏನೋ ಗೊಣಗಿಕೊಂಡರು.

ಹಾಗೆ ಇವತ್ತು ಬೆಳಿಗ್ಗೆ ಗಾರ್ಡ್ ಡಬ್ಬಿಯಾಗಿ ಹೊರಟೆ. ಗುಡ್ಡ ಹತ್ತುವಾಗ ಎಲ್ಲರಿಗಿಂತ ಹಿಂದೆ ಬಿದ್ದೆ, ಒಪ್ಪುತ್ತೇನೆ. ಇಳಿಜಾರಿನಲ್ಲಿ ಮತ್ತೆ ಹಿಡಿದೆ. ಅಣೆಕಟ್ಟಿನ ಮೇಲಿನ ದಾರಿಗೆ ಬಂದೆವು ನೋಡು, ಎದುರಿನಿಂದ ಗಾಳಿ! ಸುಯ್ಯೆಂದು ಬಂದು ನಿಲ್ಲುವುದು, ಮತ್ತೆ ಓರೆಯಾಗಿ ಹೊಡೆಯುವುದು. ಕೆಳಗೆ ಬಗ್ಗಿದರೆ ಕ್ಯಾಪ್ಟನ್ನರ ಕುತ್ತಿಗೆ ಮೇಲೇಳದು, ಮೇಲೆ ಹಿಡಿದರೆ ಮುಂದಿನ ಚಕ್ರ ಹಾವಿನ ಹಾಗೆ ಆಡುವುದು. ರೈಲು ಬೋಗಿ ಬೋಗಿಯಾಗಿ ಕಳಚಿತು. ನನ್ನ ಅಗಲ ಹ್ಯಾಂಡಲ್ ಮಾತ್ರ ಎಮ್ಮೆಯ ಹಾಗೆ ಅಲುಗಾಡದೆ ನಿಂತಿತ್ತು. ಒಬ್ಬೊಬ್ಬರನ್ನೇ ದಾಟಿದೆ. ನಾನು ಕ್ಯಾಪ್ಟನ್ನರ ಪಕ್ಕಕ್ಕೆ ಬಂದಾಗ ಅವರು ಏದುಸಿರಿನಲ್ಲೇ ಕೂಗಿದರು, "ಡಾಕ್ಟ್ರೇ, ಮುಂದೆ ಹೋಗಿ! ಮುಂದೆ ಇದ್ರೆ ಯಾರಿಗೂ ಸಿಕ್ಕಿಹಾಕ್ಕೊಳ್ಳಲ್ಲ! ಎಲ್ರೂ ಡಾಕ್ಟ್ರ ಹಿಂದೆ ಬನ್ರೋ, ಗೋಡೆ ಥರ ಇದ್ದಾರೆ!"

ಗೋಡೆ! ಜನ್ಮದಲ್ಲಿ ಯಾರೂ ನನ್ನ ಮೈಯನ್ನು ಇಷ್ಟು ಹೊಗಳಿರಲಿಲ್ಲ. ನೆಟ್ಟಗೆ ಕೂತು, ಎದೆ ಕೊಟ್ಟು, ಗಾಳಿಯನ್ನು ಸೀಳಿದೆ. ಎದೆ ಉರಿಯಿತು, ಕಣ್ಣಲ್ಲಿ ನೀರು ಬಂತು, ಕಾಲು ನನ್ನದೋ ಪಕ್ಕದ ಮನೆಯವರದೋ ತಿಳಿಯಲಿಲ್ಲ. ಹಿಂದೆ ಇಡೀ ಗುಂಪು ಕೋಳಿಮರಿಗಳ ಹಾಗೆ ನನ್ನ ಬೆನ್ನಿನ ಮರೆಯಲ್ಲಿತ್ತು. ನನ್ನ ಹಿಂದೆಯೇ ಇವರು, ಚಕ್ರಕ್ಕೆ ಚಕ್ರ ಸೇರಿಸಿ. "ತುಳಿಯೇ, ನನ್ನ ರಾಣಿ!" ಎಂದು ಎಲ್ಲರ ಮುಂದೆ ಕಿರುಚಿದರು. ಅಣೆಕಟ್ಟಿನ ಆ ತುದಿಯಲ್ಲಿರುವ ಗೋಪುರ ಮುಟ್ಟಿ ಇಳಿದಾಗ ಹತ್ತು ಬೆರಳೂ ಎಣಿಸಿದೆ, ಹತ್ತರಲ್ಲೂ ಜೀವ ಇತ್ತು. ಕ್ಯಾಪ್ಟನ್ ಟೋಪಿ ತೆಗೆದು, "ಮುಂದಿನ ವರ್ಷ ಇಂಜಿನ್ ಯಾರು ಅಂತ ಕೇಳ್ಬೇಡಿ" ಎಂದರು.

ಇಂತು, ಗಾಳಿಗೆ ಎದೆ ಕೊಟ್ಟು ಬಂದು ಉಬ್ಬಿ ಹೋಗಿರುವ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸೈಕಲ್ ಅಂಗಡಿಯವರ ಫೋನು ಬಂತು. ಇವರು ಸ್ನಾನಕ್ಕೆ ಹೋಗಿದ್ದರು, ನಾನೇ ಎತ್ತಿದೆ. "ಸಾರ್ ತಮ್ಮ ಸೈಕಲ್ಲಿಗೆ ಹೇಳಿದ್ದ ನೇರ ಹ್ಯಾಂಡಲ್ ಈಗ ಬಂತು ಮೇಡಂ. ಇವತ್ತಿನ ಸವಾರಿಗೆ ಮುಂಚೆನೇ ಬೇಕು, ನಾನೂ ಹೆಂಡ್ತಿ ಜೊತೆ ಕೊನೇಲೇ ಹೋಗ್ಬೇಕು ಅಂತ ದಿನಾ ಬಂದು ಪೀಡಿಸ್ತಿದ್ರು. ಮಾಲು ತಡ ಆಯ್ತು, ಬೇಜಾರು ಮಾಡ್ಕೋಬೇಡಿ ಅಂತ ಹೇಳ್ಬಿಡಿ" ಎಂದರು. ಗುಬ್ಬೀ, ಸವಾರಿಗೆ ಮುಂಚೆ! ನಾನು ಗೆಲ್ಲುತ್ತೇನೆಂದು ಯಾರಿಗೂ ಗೊತ್ತಿಲ್ಲದಾಗ! ನನಗೆ ವಿಷಯ ತಿಳಿದಿದೆಯೆಂದು ಇವರಿಗೆ ಹೇಳಿಲ್ಲ. ನೀನೂ ಫೋನಿನಲ್ಲಿ ಬಾಯಿ ಬಿಡಬೇಡ. ಸ್ನಾನದ ಮನೆಯಲ್ಲಿ ಜೋರಾಗಿ ಹಾಡುತ್ತಿದ್ದಾರೆ. ಅಪಸ್ವರ, ಆದರೂ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದೇನೆ.