ದಿಂಬಂ ಇಳಿಜಾರಿಗೆ ನಿಂಬೆಹಣ್ಣು

ಇಸವಿ ಎರಡು ಸಾವಿರದ ಮುನ್ನೂರ ಹತ್ತೊಂಬತ್ತು, ಫೆಬ್ರವರಿ ಮೂವತ್ತು
ದಿಂಬಂ ಘಟ್ಟದ ನೆತ್ತಿ

ಲಾರಿ ಓಡಿಸುತ್ತಿದ್ದ ಕಾಲದ ಹಿರಿಯರಿಗೆ, ದೊಡ್ಡತಾಯಮ್ಮನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆಯಿರಲಿ. ನಿಮ್ಮ ಮಾತುಗಳೂ ನಮಗೆ ಹಾಗೆಯೇ ಇವೆ. ಕ್ಲೀನರ್ ಎಂಬುವವನು ಲಾರಿ ತೊಳೆಯುತ್ತಿದ್ದನೋ ಅಥವಾ ದಾರಿ ತೋರಿಸುತ್ತಿದ್ದನೋ ಎಂದು ನಮ್ಮಲ್ಲಿ ಇನ್ನೂ ಜಗಳವಿದೆ.

ನಾನು ಇಲ್ಲಿನ ನೋಟದ ಕೊಟ್ಟಿಗೆಯನ್ನು ನೋಡಿಕೊಳ್ಳುವವಳು. ಹಳೆಯ ವಸ್ತುಗಳನ್ನು ಇಟ್ಟು ಮಕ್ಕಳಿಗೆ ತೋರಿಸುವ ಜಾಗಕ್ಕೆ ನಾವು ಹಾಗೆನ್ನುತ್ತೇವೆ. ಅಲ್ಲಿ ನಿಮ್ಮ ಕಾಲದ ಒಂದು ಲಾರಿಯಿದೆ. ಒಂದು ಊರು ವರ್ಷವಿಡೀ ತಿನ್ನುವ ರಾಗಿಯನ್ನು ಕೆಲವೇ ಸಲ ಓಡಾಡಿ ಸಾಗಿಸಿಬಿಡುತ್ತಿತ್ತಂತೆ. ಚಾಲಕರು ಅದರಲ್ಲೇ ಮಲಗಿ, ಅದರ ನೆರಳಲ್ಲೇ ಅಡುಗೆ ಮಾಡಿಕೊಂಡು ದೇಶ ಸುತ್ತುತ್ತಿದ್ದರಂತೆ. ಉಪ್ಪು, ಸೋಪು, ಮದುವೆಯ ಮಂಚ, ಮನೆಯ ಹೆಂಚು ಎಲ್ಲವೂ ಒಂದಲ್ಲ ಒಂದು ದಿನ ಲಾರಿ ಹತ್ತಿಯೇ ಬಂದಿರುತ್ತಿದ್ದವಂತೆ. ಇಷ್ಟು ದೊಡ್ಡ ಕೆಲಸ ಮಾಡುವ ವಾಹನದ ಮುಂದೆ ಹರಿದ ಚಪ್ಪಲಿ ಯಾಕೆ ನೇತುಹಾಕುತ್ತಿದ್ದಿರಿ? ನಮಗಂತೂ ಅರ್ಥವಾಗಲಿಲ್ಲ. ಗೌರವಕ್ಕೆ ಕಡಿಮೆಯಾಗಬಾರದೆಂದು ಹೊಸ ಜೊತೆಯನ್ನೇ ಕಟ್ಟಿದ್ದೇವೆ.

ನಮಗೆ ಸರಕು ತರುತ್ತಿದ್ದವು ತಾನಡಿಗಳು, ಅಂದರೆ ಒಳಗೆ ಯಾರೂ ಕೂರದೆ ತಾವಾಗಿ ಬಂದು ತಾವಾಗಿ ಹೋಗುವ ಬಂಡಿಗಳು. ಹೋದ ಮಳೆಗಾಲದಲ್ಲಿ ಅವೆಲ್ಲ ಒಟ್ಟಿಗೆ ನಿಂತುಬಿಟ್ಟವು. ಯಾರನ್ನು ಕೇಳಬೇಕೆಂದು ಯಾರಿಗೂ ತಿಳಿಯದು. ಬೆಟ್ಟದ ಮೇಲೆ ರಾಗಿ ಬೆಳೆಯುತ್ತದೆ, ಉಪ್ಪು ಬೆಳೆಯುವುದಿಲ್ಲ. ಸಪ್ಪೆ ಮುದ್ದೆ ತಿಂದು ತಿಂದು ಜನರ ಸಹನೆಯೂ ತೀರಿತು. ಆಗ ನನ್ನ ಮಗಳು ರಾಚಿ ಲಾರಿಯನ್ನು ರಿಪೇರಿ ಮಾಡಿ, ಹೊಂಗೆ ಎಣ್ಣೆ ಹುಯ್ದು, ಇಂಜಿನ್ ಶುರುಮಾಡಿದಳು.

ಇಂಜಿನ್ ಗುಡುಗಿತು, ಲಾರಿ ಮಾತ್ರ ಜಗ್ಗಲಿಲ್ಲ. ಚಕ್ರಗಳನ್ನು ಯಾರೋ ಹಿಡಿದುಕೊಂಡ ಹಾಗಿತ್ತು. ಕೊಟ್ಟಿಗೆಯ ಗೋಡೆಯ ಮೇಲೆ ಒಂದು ಹಳೆಯ ಚಿತ್ರವಿದೆ. ಅದರಲ್ಲಿ ಚಾಲಕ ಕೈಮುಗಿದು ನಿಂತಿದ್ದಾನೆ, ಪ್ರತಿ ಚಕ್ರದ ಮುಂದೆ ಒಂದು ನಿಂಬೆಹಣ್ಣಿದೆ. ನಮ್ಮ ಊರಿನ ಯಜಮಾನರಾದ ಮರಿಸ್ವಾಮಪ್ಪನವರು ಅದನ್ನು ತೋರಿಸಿ, ಮೊದಲು ಹಣ್ಣಿಡಿ ಎಂದರು. ಇಂಜಿನ್ ಗುಡುಗುತ್ತಿರುವಾಗಲೇ ಹಣ್ಣು ತಂದು, ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿದೆವು. ಆಮೇಲೆ ಲಾರಿ ಹಣ್ಣುಗಳನ್ನು ಜಜ್ಜಿಕೊಂಡು ಸರಾಗವಾಗಿ ಮುಂದೆ ಹೋಯಿತು. ಊರಿಗೆ ಊರೇ ಕೈಮುಗಿಯಿತು. ನಾನೂ ಮುಗಿದೆ.

ರಾಚಿ ಮುಗಿಯಲಿಲ್ಲ. ಅವಳು ತನ್ನ ಮುಂದೆ ಗಡಿಯಾರದಂಥ ಬಿಲ್ಲೆಯಲ್ಲಿದ್ದ ಒಂದು ಸೂಜಿಯನ್ನು ನೋಡುತ್ತಿದ್ದಳಂತೆ. ಪೂಜೆಯ ಹೊತ್ತಿಗೆ ಅದು ನಿಧಾನವಾಗಿ ಮೇಲೇರಿತಂತೆ, ಮೇಲೇರಿದ ಮೇಲೆ ಬ್ರೇಕು ಸಡಿಲವಾಯಿತಂತೆ. ಇಂಜಿನ್ ಓಡುವಾಗ ಒಳಗೆಲ್ಲೋ ಗಾಳಿ ತುಂಬುತ್ತದೆ, ಆ ಗಾಳಿಯಿಂದಲೇ ಬ್ರೇಕು ನಡೆಯುತ್ತದೆ ಎಂಬುದು ಅವಳ ಲೆಕ್ಕಾಚಾರ. ಮಾರನೆಯ ದಿನ ನನ್ನ ಕಣ್ಣೆದುರೇ ಹಣ್ಣಿಲ್ಲದೆ ಓಡಿಸಿ ತೋರಿಸಿದಳು. ಓಡಿತು. ನಾನು ಯಜಮಾನರಿಗೆ ಹೇಳಿದಾಗ, ನಿನ್ನೆಯ ರಸ ಚಕ್ರದಲ್ಲಿ ಇನ್ನೂ ಅಂಟಿಕೊಂಡಿತ್ತಲ್ಲ ಎಂದರು. ಅದೂ ನಿಜವೇ ಆಗಿತ್ತು. ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

ಇವತ್ತು ಬೆಳಿಗ್ಗೆ ರಾಚಿ ರಾಗಿ ಹೇರಿಕೊಂಡು, ಅದನ್ನು ಕೊಟ್ಟು ಉಪ್ಪು ತರಲು ಘಟ್ಟ ಇಳಿಯಬೇಕಿತ್ತು. ಮರಳಿ ಹತ್ತುವುದಕ್ಕೆ ಎಣ್ಣೆ ಉಳಿಯಬೇಕು, ಆದ್ದರಿಂದ ಮೊದಲ ತಿರುವಿನಲ್ಲೇ ಇಂಜಿನ್ ಆರಿಸಬೇಕು, ಇಳಿಜಾರಿನಲ್ಲಿ ಲಾರಿ ತಾನಾಗಿ ಉರುಳುತ್ತದೆ, ನಿಂಬೆಹಣ್ಣು ಕಾಯುತ್ತದೆ ಎಂದು ಯಜಮಾನರು ಅಪ್ಪಣೆ ಮಾಡಿದರು. ಅವರು ಕೆಟ್ಟವರಲ್ಲ. ಆ ಎಣ್ಣೆ ಹಿಂಡಲು ತಮ್ಮ ತೋಪಿನ ಬೀಜವನ್ನೆಲ್ಲ ಕೊಟ್ಟವರೇ ಅವರು.

ಲಾರಿಯ ಬಾಗಿಲ ಬಳಿ ರಾಚಿ ನನ್ನ ಕೈ ಹಿಡಿದುಕೊಂಡಳು.

"ಇಂಜಿನ್ ಆರ್ಸುದ್ರೆ ಸೂಜಿ ಇಳಿತದೆ ಕಣವ್ವ. ಸೂಜಿ ಇಳುದ್ರೆ ಬ್ರೇಕು ನನ್ ಮಾತ್ ಕೇಳಾದಿಲ್ಲ. ನೀನ್ ಏನಂದ್ರೆ ಅದು."

ಕೊಟ್ಟಿಗೆಯವಳು ನಾನು, ತಾಯಿಯೂ ನಾನು. ಎರಡೂ ಆಗಿದ್ದೂ ಏನೂ ತಿಳಿಯದೆ ನಿಂತಿದ್ದೆ. ಲಾರಿ ಬಲ್ಲವರೆಲ್ಲ ಸತ್ತು ಮಣ್ಣಾಗಿದ್ದೀರಿ, ಕೇಳುವುದಾದರೂ ಯಾರನ್ನು? ನಿಮ್ಮ ಮೇಲೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೊನೆಗೆ ನಾನೇ ಚಕ್ರಗಳ ಮುಂದೆ ಹಣ್ಣಿಟ್ಟೆ. ಎದ್ದು ನಿಂತು, ಅವಳ ಕಿವಿಯಲ್ಲಿ, ಆರಿಸಬೇಡ ಮಗಳೇ ಎಂದೆ.

ಘಟ್ಟದ ಅಂಚಿನಲ್ಲಿ ನಾವೆಲ್ಲ ನಿಂತೆವು. ಮೊದಲ ತಿರುವು ಕಳೆಯಿತು. ಇಂಜಿನ್ ಸದ್ದು ನಿಲ್ಲಲಿಲ್ಲ. ಯಜಮಾನರು ತಿರುಗಿ ನನ್ನನ್ನು ನೋಡಿದರು, ನಾನು ಕಾಡನ್ನು ನೋಡಿದೆ. ಸದ್ದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೇಳಿ, ಆಮೇಲೆ ಎಲ್ಲೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಕೆಳಗಿನ ಬಯಲಿನಲ್ಲಿ ಧೂಳೆದ್ದಿತು. ಅದರ ಮುಂದೆ ಲಾರಿ ಇರುವೆಯಷ್ಟಾಗಿ ಹೋಗುತ್ತಿತ್ತು. ನಾನು ಅಲ್ಲೇ ಕುಸಿದು ಕೂತು ಅತ್ತೆ. ಯಜಮಾನರೂ ಕಣ್ಣೊರೆಸಿಕೊಂಡು, ನಿಂಬೆಹಣ್ಣು ಕಾಯಿತು ನೋಡು ತಾಯಮ್ಮ ಎಂದರು. ಅಳುವಿನ ನಡುವೆ ನಾನು ಹೌದು ಎಂದುಬಿಟ್ಟೆ.

ಅಲ್ಲೇ ಇದ್ದ ಅವರ ಮೊಮ್ಮಗಳು ಮುಂದಿನ ಸಲ ತಾನು ಓಡಿಸುತ್ತೇನೆ, ತಿರುವಿನಲ್ಲಿ ಇಂಜಿನ್ ಆರಿಸಿಯೇ ಇಳಿಯುತ್ತೇನೆ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಈ ಕಾಗದ ಮುಗಿಸಿ ಯಜಮಾನರ ಮನೆಗೆ ಹೋಗಿ, ನಾನು ಹೌದೆಂದದ್ದು ತಪ್ಪು ಎಂದು ಹೇಳಬೇಕು. ನಿಂಬೆಹಣ್ಣೂ ಕಾದಿರಬಹುದು, ಅಲ್ಲ ಎನ್ನಲು ನನಗೆ ಈಗಲೂ ಧೈರ್ಯವಿಲ್ಲ. ನಿಮ್ಮಲ್ಲಿ ಲಾರಿ ಬಲ್ಲವರು ಯಾರಾದರೂ ಇದನ್ನು ಓದಿದರೆ ಒಂದು ಉಪಕಾರ ಮಾಡಿ. ಹಣ್ಣು ಇಡುವುದನ್ನು ಬಿಡಬೇಡಿ, ಚಿತ್ರವನ್ನೂ ಬರೆಯಿರಿ. ಜೊತೆಗೆ ಆ ಸೂಜಿ ಯಾಕಿದೆ ಎಂದು ಲಾರಿಯ ಒಳಗೇ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಬರೆದಿಡಿ. ಮುಂದಿನ ಸಲ ಓಡಿಸುವ ಆ ಹುಡುಗಿಗೆ ಇನ್ನೂ ಹತ್ತೊಂಬತ್ತು ವರ್ಷ.