ಹೊರಗಿನ ಹುಂಜ

ಮಗಳು ರುಯಿಜೆನ್‌ಗೆ,

ಬರೆಯುತ್ತಿರುವವಳು ಚುಂಗ್ ಮನೆತನದಲ್ಲಿ ಹುಟ್ಟಿ ಬಂದ, ಲ್ಯಾವ್ ಮನೆತನದ ಹಿರಿಯ ಸೊಸೆ, ನಲವತ್ತೊಂದು ವರ್ಷದಿಂದ ಈ ಮನೆಯ ಒಲೆಗೂ ಕೋಳಿಗೂಡಿಗೂ ಯಜಮಾನಿ. ಹೈಸ್ಕೂಲು ಓದಿದವಳು, ಹಾಗಾಗಿ ಈ ಕಾಗದವನ್ನು ಯಾರ ಕೈಯಲ್ಲೂ ಬರೆಸಿಲ್ಲ.

ನಿನ್ನ ಅಜ್ಜಿ ಸಾಯುವ ಮುಂಚೆ ಸತ್ತ ಹಿರಿಯರ ಹೆಸರು ಬರೆದ ಪೂಜೆಯ ಫಲಕಗಳ ಮುಂದೆ ನನ್ನಿಂದ ಎರಡು ಮಾತು ತೆಗೆದುಕೊಂಡರು. ಹೊರಗಿನ ಹುಂಜ ಈ ಹೊಸ್ತಿಲು ದಾಟಬಾರದು. ನಮ್ಮ ಗಡ್ಡದ ಕೋಳಿಯ ತಳಿ ಬೇರೆ ಊರಿನಲ್ಲಿ ಬೇರೂರಬಾರದು. ಎರಡನ್ನೂ ಕಾದೆ. ನಿನ್ನ ಮದುವೆಯಲ್ಲೂ ಕಾದೆ.

ಗಂಡನ ಮನೆಗೆ ಹೊರಟ ಹೆಣ್ಣಿಗೆ ದಾರಿ ತೋರಲು, ಅವಳ ಸಂಸಾರ ಬೆಳೆಯಲೆಂದು, ಒಂದು ಹುಂಜ, ಒಂದು ಹೇಂಟೆ ಜೊತೆಗೆ ಹೋಗಬೇಕು. ಪೇಟೆಯವು ಬೇಡ, ನಮ್ಮವೇ ಬೇಕೆಂದು ನೀನು ಹಟ ಹಿಡಿದೆ. ಕೊಟ್ಟೆ. ಆದರೆ ಹತ್ತು ದಿನ ಮೊದಲೇ ಕಸುಬಿನವನನ್ನು ಕರೆಸಿ ಆ ಹುಂಜದ ಬೀಜ ತೆಗೆಸಿದ್ದೆ. ಅದರ ಕಾಲು ಹಿಡಿದುಕೊಂಡವಳು ನಾನೇ. ನಾಲ್ಕು ತಿಂಗಳಲ್ಲಿ ಜುಟ್ಟು ಬಾಡಿತು, ಕೂಗು ನಿಂತಿತು, ನಿನ್ನ ಅತ್ತೆಯ ಮನೆಯವರು ನಕ್ಕರು. ನೀನು ನದಿ ದಾಟಿ ಬಂದು ಬಾಗಿಲಲ್ಲೇ ನಿಂತು ಕೇಳಿದೆ: "ನನ್ನ ಸಂಸಾರ ಬೆಳೀಬಾರ್ದು ಅಂತಲೇನಮ್ಮ?" ಕೋಳಿಗೂ ಸಂಸಾರಕ್ಕೂ ಏನು ಸಂಬಂಧ ಎಂದೆ. ಅದು ಸುಳ್ಳೆಂದು ಹೇಳುವಾಗಲೇ ಗೊತ್ತಿತ್ತು. ನಿನ್ನ ಬಾಣಂತನಕ್ಕೆ ಅಕ್ಕಿಮದ್ಯದಲ್ಲಿ ಬೇಯಿಸುವ ಕೋಳಿಯನ್ನೂ ಕಳಿಸಲಿಲ್ಲ. ಇದಾಗಿ ಹನ್ನೆರಡು ವರ್ಷವಾಯಿತು.

ನೀನು ಆ ಹೇಂಟೆಯನ್ನು ನಿಮ್ಮೂರಿನ ದಪ್ಪಮೂಳೆಯ ಹುಂಜಕ್ಕೆ ಕೂಡಿಸಿದೆ. ಈಗ ನಿನ್ನ ಕೋಳಿಗಳು ನೂರು ದಿನಕ್ಕೇ ತೂಕಕ್ಕೆ ಬರುತ್ತವಂತೆ, ರುಚಿ ಮಾತ್ರ ನಮ್ಮದೇ ಅಂತೆ. ನನ್ನವು ಆರು ತಿಂಗಳಾದರೂ ಪಾರಿವಾಳದಷ್ಟು. ಈ ವಸಂತದಲ್ಲಿ ಕಾವಿಗಿಟ್ಟ ಇಪ್ಪತ್ತು ಮೊಟ್ಟೆಗಳಲ್ಲಿ ಮೂರೇ ಮರಿಯಾದವು, ಒಂದರ ಬೆರಳು ಸೊಟ್ಟ, ಯಾವುದೂ ಉಳಿಯಲಿಲ್ಲ. ನಿನ್ನ ತಮ್ಮ ಟಿಂಗ್‌ಫು ಊಟಕ್ಕೆ ಕೂತಾಗ ಅಂದ: "ಒಂದೇ ಮನೆತನದೋರು ಮದ್ವೆಯಾಗ್ಬಾರ್ದು ಅಂತ ಊರಿಗೆಲ್ಲ ಬುದ್ಧಿ ಹೇಳ್ತೀಯ. ಗೂಡೊಳಗೆ ಅಣ್ಣ ತಂಗೀರ್ನೇ ಕೂಡಿ ಹಾಕಿದ್ದೀಯಲ್ಲಮ್ಮ." ಅವನ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ.

ಹೊಸ ವರ್ಷದ ಎರಡನೆಯ ದಿನ, ಹೆಣ್ಣುಮಕ್ಕಳು ತವರಿಗೆ ಬರುವ ದಿನ, ನೀನು ಬರಲಿಲ್ಲ. ತಮ್ಮನ ಕೈಲಿ ಒಂದು ಹುಂಜ ಕಳಿಸಿದೆ, ಜೊತೆಗೆ ಒಂದು ಮಾತು: "ಇದು ಪೂರ್ತಿ ಹುಂಜ ಅಂತ ಹೇಳು. ಅನುಮಾನ ಇದ್ರೆ ಬೆಳಗಿನ ಜಾವ ಎದ್ದು ಕೇಳಿಸ್ಕೊಳ್ಳಲಿ." ನನಗೆ ನಗು ಬಂತು. ಆದರೂ ಹೊಸ್ತಿಲಿನಿಂದಲೇ ಹಿಂದಕ್ಕೆ ಕಳಿಸಿದೆ. ಮಾತು ಮುರಿದರೆ ಈ ಮನೆಯಲ್ಲಿ ನಾನು ಯಾರೂ ಅಲ್ಲ. ಉಳಿಸಿಕೊಂಡರೆ, ಯಾವ ತಳಿಗಾಗಿ ಮಾತು ಕೊಟ್ಟೆನೋ ಅದೇ ನನ್ನ ಕೈಯಲ್ಲಿ ಸಾಯುತ್ತದೆ. ಕೊಟ್ಟ ಮಾತನ್ನು ಸತ್ತವರ ಹತ್ತಿರ ವಾಪಸ್ಸು ಕೇಳಲು ಆಗುವುದಿಲ್ಲ. ಮೂರು ತಿಂಗಳು ಹೀಗೇ ಗೂಡಿಗೂ ಫಲಕಗಳಿಗೂ ನಡುವೆ ಓಡಾಡಿದೆ.

ಮೊನ್ನೆ ನಮ್ಮ ಗೂಡಿನ ಮುದಿ ಹುಂಜವನ್ನು ಕೊಯ್ದು, ತಲೆ ಕಾಲು ಸಮೇತ ಹಿರಿಯರ ಮುಂದಿಟ್ಟೆ. ಹೊಸ್ತಿಲಿನ ಮಾತು ಉಳಿಸಿದ್ದೇನೆ, ತಳಿಯ ಮಾತನ್ನು ನಾಳೆ ಮುರಿಯುತ್ತೇನೆ ಎಂದು ನಿನ್ನ ಅಜ್ಜಿಗೆ ಹೇಳಿದೆ. ನಿನ್ನೆ ಟಿಂಗ್‌ಫು ನಿನ್ನ ಅಂಗಳದಲ್ಲಿ ಬಿಟ್ಟುಬಂದ ಹನ್ನೊಂದು ಹೇಂಟೆಗಳೇ ನಮ್ಮಲ್ಲಿ ಇದ್ದವೆಲ್ಲ. ಏನೂ ಹೇಳಬೇಡ ಎಂದು ಅವನಿಗೆ ನಾನೇ ಅಂದಿದ್ದೆ, ಹೇಳಬೇಕಾದವಳು ನಾನು. ಅವುಗಳನ್ನು ನಿನಗೆ ಸರಿಕಂಡ ಹುಂಜಕ್ಕೆ ಕೂಡಿಸು. ಇಲ್ಲಿ ಗೂಡು ಬಿಚ್ಚಿಸಿ ಸೌದೆ ಮಾಡಿಸಿದ್ದೇನೆ.

ನಿನ್ನ ಅಂಗಳ ತುಂಬಿರಲಿ. ನಿನ್ನ ಮಗಳು ಗಟ್ಟಿಯಾಗಿ ಬೆಳೆಯಲಿ.

ನಿನ್ನ ತಾಯಿ,
ಚುಂಗ್ ಗ್ವೇಯಿಂಗ್