ಮೂರು ಕಿಲೋ ಹೆಚ್ಚಾದ ಕಂಬಳಿ

ಬೀಡಿ, ತಾ. ಖಾನಾಪುರ
೬ ಮೇ ೨೦೨೪

ಪ್ರೀತಿಯ ಮನೆಯವರಿಗೆ,

ಆರೋಗ್ಯವಾಗಿದ್ದೀರಾ? ಮಸ್ಕತ್ತಿನ ಬಿಸಿಲಿಗೆ ನಿಮ್ಮ ತಲೆನೋವು ಮತ್ತೆ ಶುರುವಾಗಿರಬೇಕು. ಮಜ್ಜಿಗೆ ಕುಡಿಯಿರಿ, ಕೆಲಸಕ್ಕೆ ಹೋಗುವಾಗ ತಲೆಗೆ ಬಟ್ಟೆ ಸುತ್ತಿಕೊಳ್ಳಿ. ನಾನು ಚೆನ್ನಾಗಿದ್ದೇನೆ, ನನ್ನ ಸಿಟ್ಟು ಇನ್ನೂ ಚೆನ್ನಾಗಿದೆ. ಫೋನಿನಲ್ಲಿ ಹೇಳಹೋದರೆ "ಆಮ್ಯಾಲೆ ಮಾತಾಡೂಣು" ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಈ ಪತ್ರ. ರಜೆ ಮುಗಿಸಿ ನಿಮ್ಮಲ್ಲಿಗೇ ಹೊರಟಿರುವ ದೇಸೂರಿನ ಬೀರೇಶನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ನನ್ನ ವೀಸಾಕ್ಕೆ ನೀವು ಕೇಳಿದ ಮದುವೆ ನೋಂದಣಿ ಪತ್ರ ಎಲ್ಲ ಮುದ್ರೆ ಬಿದ್ದು ಕೈಗೆ ಬಂದಿದೆ. ಎರಡು ಸಲ ಕಾಗದಪತ್ರ ವಾಪಸ್ಸಾದದ್ದು ನಿಮ್ಮಿಂದಲೇ. ಪಾಸ್‌ಪೋರ್ಟಿನಲ್ಲಿ ಪದ್ಮವ್ವ ಎಂದಿದ್ದರೂ ನೀವು ಅರ್ಜಿಯಲ್ಲಿ ಪದ್ಮಾ ಎಂದು ಬರೆದಿರಿ. "'ವ್ವ' ಯಾಕ? ಅಲ್ಲಿ ಮಂದಿ ನಗ್ತಾರ" ಎಂದಿರಿ. ನಿಮ್ಮ ನಾಚಿಕೆಗೆ ನಾನು ಖಾನಾಪುರದಿಂದ ಬೆಳಗಾವಿಗೆ ಏಳು ಸಲ ಅಲೆದೆ. ನೋಟರಿ, ಅಫಿಡವಿಟ್, ಪೇಪರಿನಲ್ಲಿ ಜಾಹೀರಾತು. ಪದ್ಮಾ, ಪದ್ಮವ್ವ ಇಬ್ಬರೂ ಒಬ್ಬಳೇ ಎಂದು ನಾನೇ ಪ್ರಮಾಣ ಮಾಡಿದೆ. ಚಪ್ಪಲಿ ಹರಿದದ್ದು ಹೋಗಲಿ ಬಿಡಿ.

ಭಾರ ಎನಿಸಿದ್ದನ್ನು ಕಡಿದು ಹಾಕುವುದು ನಿಮಗೇನು ಹೊಸದಲ್ಲ. ಕಳೆದ ದೀಪಾವಳಿ ಮುಗಿಸಿ ಹೊರಟಾಗ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ನಿಮ್ಮ ಬ್ಯಾಗು ಮೂರು ಕಿಲೋ ಹೆಚ್ಚಾಯಿತು, ಅದಕ್ಕೆ ಬೇರೆ ದುಡ್ಡು ಕೇಳಿದರು. ನಿಮ್ಮ ಕಂಪನಿಯ ಸಾಹೇಬರಿಗೆಂದು ಒಯ್ದ ಆರು ಡಬ್ಬಿ ಕುಂದಾ ಒಳಗೇ ಉಳಿಯಿತು. ನಮ್ಮಪ್ಪ ಸಿದರಾಯ ನಿಮಗೆಂದೇ ನೇಯ್ದ ಕರಿ ಕಂಬಳಿ ಹೊರಗೆ ಬಂತು. ಬಾಗಿಲಿಗೆ ಓಡಿ ಬಂದು ಅದನ್ನು ಅಪ್ಪನ ಕಾಲ ಬಳಿ ಎಸೆದು, "ಕುರಿ ವಾಸನಿ ಹೊಡಿತೈತಿ, ಇದಕ್ಕ ಯಾರು ರೊಕ್ಕ ಕಟ್ತಾರ?" ಎಂದು ಹತ್ತು ಜನ ಕೇಳುವ ಹಾಗೆ ಅಂದಿರಿ. ಮದುವೆಯಲ್ಲಿ ಇಂಥದೇ ಕಂಬಳಿ ಗದ್ದಿಗೆಯ ಮೇಲೆ ಕೂತು ನನ್ನ ಜೊತೆ ಅಕ್ಕಿಕಾಳು ಹಾಕಿಸಿಕೊಂಡವರು ನೀವು! ನಿಮ್ಮ ಮೊದಲ ವೀಸಾಕ್ಕೆ ಅಪ್ಪ ಹನ್ನೊಂದು ಕುರಿ ಮಾರಿದಾಗ ವಾಸನೆ ಬರಲಿಲ್ಲವೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಅಲ್ಲವೇ. ಅಪ್ಪ ಕಂಬಳಿಯ ಧೂಳು ಕೊಡವಿ ಹೆಗಲಿಗೆ ಹಾಕಿಕೊಂಡ. "ಹೋಗ್ಲಿ ಬಿಡವ್ವ, ಅವರಿಗೆ ಭಾರ ಆಗಿರಬೇಕು" ಎಂದಷ್ಟೇ ಅಂದ. ಅವತ್ತಿನಿಂದ ಮಗ್ಗ ಮುಟ್ಟಿಲ್ಲ. ನಾನು ನಿಮ್ಮನ್ನು ಕ್ಷಮಿಸಿಲ್ಲ.

ಹೆಂಡತಿಯನ್ನು ಕರೆಸಿಕೊಂಡವರಿಗಷ್ಟೇ ಕಂಪನಿ ಎರಡು ಕೋಣೆಯ ಮನೆ ಕೊಡುತ್ತದೆ, ನೋಂದಣಿ ಪತ್ರ ಈ ತಿಂಗಳೊಳಗೆ ಮುಟ್ಟಬೇಕು ಎಂದು ದಿನಾ ಅವಸರ ಮಾಡುತ್ತಿದ್ದೀರಿ. ನನಗೂ ಸಮುದ್ರ ನೋಡುವ ಆಸೆ ಇದೆ, ನಿಮ್ಮ ಜೊತೆ ಬಾಳುವ ಆಸೆಯೂ ಇದೆ, ಸುಳ್ಳು ಹೇಳಲಾರೆ. ಆದರೆ ಅಪ್ಪನ ಬಾಡಿದ ಮುಖ ದಿನಾ ನೋಡುವವಳು ನಾನು.

ಬೀರಪ್ಪ ದೇವರು ನಿಮ್ಮನ್ನು ಕಾಯಲಿ. ನಾನು ಕಾದದ್ದು ಸಾಕು.

ನಿಮ್ಮ
ಪದ್ಮವ್ವ ('ವ್ವ' ಸಮೇತ)

ತಾ.ಕ.: ಬೀರೇಶನ ಬ್ಯಾಗು ತಡಕಬೇಡಿ, ನೋಂದಣಿ ಪತ್ರ ಅವನ ಹತ್ತಿರ ಇಲ್ಲ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆ ಕಂಬಳಿಯ ಮಡಿಕೆಯೊಳಗೆ ಹೊಲಿದಿದ್ದೇನೆ. ಬೀಡಿಗೆ ಬನ್ನಿ, ಅಪ್ಪನ ಕಾಲಿಗೆ ಬಿದ್ದು ಕಂಬಳಿ ಕೇಳಿ ಪಡೆಯಿರಿ. ಹೊದ್ದುಕೊಂಡೇ ಮಸ್ಕತ್ತಿನಲ್ಲಿ ಇಳಿದು, ನಿಮ್ಮ ಸಾಹೇಬರ ಮುಂದೆಯೇ ಹೊಲಿಗೆ ಬಿಚ್ಚಿರಿ. ದುಡ್ಡಿನ ಚಿಂತೆ ಬೇಡ. ಮೈಮೇಲೆ ಹೊದ್ದದ್ದನ್ನು ವಿಮಾನದವರು ತೂಗುವುದಿಲ್ಲವಂತೆ, ಬೀರೇಶನಿಂದ ಕೇಳಿಸಿದ್ದೇನೆ.